ತುಟಿಗಾವಲು

ಜೂನ್ 2, ಸೋಮವಾರ

ನಮ್ಮ ಕಂಪನಿಯ ವಿಡಿಯೊ ಕರೆ ಪೆಟ್ಟಿಗೆ ಅಕ್ಕನ ಮನೆ ತಲುಪಿತು. ಸಂಜೆ ಅಕ್ಕನ ಮಗಳ ಫೋನು. "ಟೀವಿ ಮೇಲೆ ಕೂರಿಸಿದೀನಿ ಚಿಕ್ಕಮ್ಮ. ಗುಂಡಿ ಒಂದೇ ಇದೆಯಲ್ಲ, ನಂಗೂ ಸುಲಭ ಆಯ್ತು" ಎಂದಳು. ಗುಂಡಿ ಒಂದೇ ಇರಬೇಕು ಎಂದು ಕಂಪನಿಯಲ್ಲಿ ಎರಡು ವರ್ಷ ಜಗಳವಾಡಿದವಳು ನಾನು. ಅದನ್ನು ಅವಳಿಗೆ ಹೇಳಿದೆ, ಸ್ವಲ್ಪ ಉದ್ದವಾಗಿಯೇ.

ಈ ದಿನಚರಿ ನನ್ನ ಆಸೆಯಲ್ಲ. ರಕ್ತದೊತ್ತಡದ ಡಾಕ್ಟರು, "ಯಾರ ಮೇಲಾದ್ರೂ ಕೂಗಾಡಬೇಕು ಅನ್ಸಿದಾಗ ಬರೀರಿ" ಎಂದರು. ಹಾಗಾದರೆ ದಿನಕ್ಕೆ ಎರಡು ನೋಟುಪುಸ್ತಕ ಬೇಕಾಗುತ್ತದೆ ಎಂದೆ. ಅವರು ನಗಲಿಲ್ಲ.

ಅಕ್ಕನಿಗೆ ಲಕ್ವ ಹೊಡೆದು ಐದು ವಾರ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಬಾಯಿ ಅದು. ಆಸ್ಪತ್ರೆಗೆ ಹೋಗಿ ಎರಡು ದಿನ ಇದ್ದು ಬಂದೆ, ಆಗ ಅವಳಿಗೆ ಎಚ್ಚರವೇ ಇರಲಿಲ್ಲ. ಈಗ ಮನೆಗೆ ಬಂದಿದ್ದಾಳೆ. ಅರ್ಥವೆಲ್ಲ ಆಗುತ್ತದೆ, ಹೇಳಲು ಪದ ಸಿಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಲಕ್ವ ಹೊಡೆಯುವ ಮೂರು ದಿನ ಮುಂಚೆ ಅಕ್ಕ ಫೋನ್ ಮಾಡಿದ್ದಳು. ನಾನು ಕಂಪನಿಯ ಪರೀಕ್ಷಾ ಕೋಣೆಯಲ್ಲಿದ್ದೆ. ಅವಳು ಪಕ್ಕದ ಮನೆಯವರ ನಾಯಿಯಿಂದ ಶುರುಮಾಡಿ ತನ್ನ ಮೊಣಕಾಲಿಗೆ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. "ಅಕ್ಕಾ, ಒಂದ್ಸಲ ಬಾಯಿ ಮುಚ್ತೀಯಾ?" ಎಂದು ಕಟ್ ಮಾಡಿದೆ. ಮೂರನೆಯ ದಿನ ಬಾಯಿ ಮುಚ್ಚಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನು ಯಾರಿಗೂ ಹೇಳಿಲ್ಲ.

ಜೂನ್ 4, ಬುಧವಾರ

ಮೊದಲ ಕರೆ. ಸಂಜೆ ಆರರಿಂದ ಆರೂವರೆ. ಆ ಅರ್ಧ ಗಂಟೆ ಅಕ್ಕನ ಮಗಳಿಗೆ ಅಂಗಡಿಗೆ ಹೋಗಿಬರುವ ಬಿಡುವು.

ಚಿತ್ರ ಚೆನ್ನಾಗಿ ಬಂತು. ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಕತ್ತು ಅಲುಗದ ಹಾಗೆ ಎರಡೂ ಕಡೆ ಮೆತ್ತೆ. ಮುಖದ ಬಲಭಾಗ ಸ್ವಲ್ಪ ಜಾರಿದೆ. ನಾನು ಡಾಕ್ಟರು ಕೊಟ್ಟ ವ್ಯಾಯಾಮದ ಪಟ್ಟಿ ಓದಿದೆ, ಔಷಧದ ಹೊತ್ತು ಹೇಳಿದೆ, ದಿನಕ್ಕೆ ಎಷ್ಟು ನೀರು ಕುಡಿಯಬೇಕು ಎಂದು ತಿಳಿಸಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಒಂದು ಮಾತು ಬರೆದಿಡಬೇಕು: ನಿಶ್ಶಬ್ದ ಎಷ್ಟು ಶುದ್ಧವಾಗಿತ್ತು! ಅವಳ ಕೋಣೆಯ ಫ್ಯಾನು ಕಡಕಡ ಅನ್ನುತ್ತದೆ, ಬಾಗಿಲಾಚೆಯೇ ಫ್ರಿಜ್ಜು. ಒಂದು ಚೂರೂ ಕೇಳಿಸಲಿಲ್ಲ. ಪೆಟ್ಟಿಗೆಯ ಕ್ಯಾಮೆರಾ ತುಟಿಯನ್ನು ನೋಡುತ್ತಿರುತ್ತದೆ. ತುಟಿ ಆಡಿದರೆ ದನಿಯನ್ನು ಆಚೆಗೆ ಬಿಡುತ್ತದೆ, ತುಟಿ ಮುಚ್ಚಿದ್ದರೆ ಬಂದದ್ದೆಲ್ಲ ಬರೀ ಗದ್ದಲವೆಂದು ಕತ್ತರಿಸುತ್ತದೆ. ನನ್ನ ಸ್ವಂತ ಕಲ್ಪನೆ. ‘ತುಟಿಗಾವಲು’ ಎಂದು ನಾನೇ ಹೆಸರಿಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇದು ಹೆಗ್ಗಣವಲ್ಲ.

ಜೂನ್ 9, ಸೋಮವಾರ

ಜುಲೈ ಹತ್ತಕ್ಕೆ ಪ್ರದರ್ಶನ. ಆಸ್ಪತ್ರೆಗಳಿಗೆ ಸಾಮಾನು ಕೊಳ್ಳುವ ದೊಡ್ಡ ಸಂಸ್ಥೆಯವರು ಬರುತ್ತಾರೆ. ಅವರು ಒಪ್ಪಿದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ನಾವು ನಾಲ್ಕು ಜನ ಬೇರೆ ಕೆಲಸ ನೋಡಿಕೊಳ್ಳಬೇಕು. ಯಜಮಾನರು ದಿನಕ್ಕೆ ಹತ್ತು ಸಲ, "ಪೂರ್ತಿ ನಿಶ್ಶಬ್ದ ಅಂತ ಹೇಳಿದೀನಿ ಅವರಿಗೆ, ಪೂರ್ತಿ!" ಎನ್ನುತ್ತಾರೆ. ಪೂರ್ತಿಯೇ ಇದೆ. ಎಂಟು ಮನೆಗಳಲ್ಲಿ ಪೆಟ್ಟಿಗೆ ಪರೀಕ್ಷೆಗೆ ಕೂತಿದೆ, ಅಕ್ಕನದು ಒಂಬತ್ತನೆಯದು.

ತಂತಿ ಮಾಮ ಏನೋ ಹೇಳಲು ಬಂದರು. ಬೆಸುಗೆ ಮೇಜಿನವರು. ನಿವೃತ್ತಿಯಾಗಿ ಮನೆಯಲ್ಲಿರಲಾರದೆ ಮತ್ತೆ ಬಂದವರು. ಅವರ ನಿಜವಾದ ಹೆಸರು ಎಲ್ಲರಿಗೂ ಮರೆತಿದೆ. "ಮೇಡಂ, ಈ ಪೆಟ್ಟಿಗೇಲಿ ನಾನು ನಮ್ಮ ಮನೆಯೋಳ ಜೊತೆ..." ಎಂದು ಶುರುಮಾಡಿದರು. ನನಗೆ ಲೆಕ್ಕ ತಪ್ಪುತ್ತಿತ್ತು, ಕೈ ಎತ್ತಿ ನಿಲ್ಲಿಸಿದೆ. ಅವರು ಹೋಗಿ ಕೂತು ಬೆಸುಗೆ ಹಾಕಿದರು.

ಜೂನ್ 11

ಕರೆ. ಗೋಡೆಯ ಜೊತೆ ಅರ್ಧ ಗಂಟೆ.

ಜೂನ್ 15, ಭಾನುವಾರ

ಬೆಳಿಗ್ಗೆ ಅಕ್ಕನ ಮಗಳಿಗೆ ಫೋನ್ ಮಾಡಿ, ಮಾತಿನ ವ್ಯಾಯಾಮ ಸರಿಯಾಗಿ ಮಾಡಿಸುತ್ತಿಲ್ಲವೇನು ಎಂದು ಗದರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನಗೆ ನೆಲ ಅಂದರೆ ಆ ಹುಡುಗಿ.

"ಮಾಡಿಸ್ತಿದೀನಲ್ಲ ಚಿಕ್ಕಮ್ಮ. ಈಗ ಎಷ್ಟೋ ವಾಸಿ. ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾಳೆ."

"ಉತ್ತರ ಕೊಡ್ತಾಳಾ?"

"ಹೂಂ ಮತ್ತೆ. ನಿನ್ನೆ ಪಕ್ಕದ ಮನೆಯವರು ಬಂದು ಒಂದು ಗಂಟೆ ಹರಟಿ ಹೋದ್ರು."

ಇನ್ನೇನು ಕೇಳಲಿ? ಪಕ್ಕದ ಮನೆಯ ನಾಯಿಯವರಿಗೂ ಉತ್ತರ, ನನಗೊಬ್ಬಳಿಗೆ ಇಲ್ಲ. ಅವಳಿಗೆ ಆ ಫೋನು ನೆನಪಿದೆ. ಬಾಯಿ ಮುಚ್ಚು ಎಂದೆನಲ್ಲ, ಮುಚ್ಚಿ ತೋರಿಸುತ್ತಿದ್ದಾಳೆ.

ರೈಲಿನಲ್ಲಿ ಒಂಬತ್ತು ಗಂಟೆ ದಾರಿ. ಹೋಗಬಹುದು. ಪ್ರದರ್ಶನ ಮುಗಿಯಲಿ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ನಿಜ ಅದಲ್ಲ. ಟೀವಿಯಲ್ಲಿ ಅವಳು ಸುಮ್ಮನಿದ್ದರೆ ಗುಂಡಿ ತಿರುಗಿಸಿ ಎದ್ದುಬಿಡಬಹುದು, ಎದುರು ಕೂತಾಗ ಸುಮ್ಮನಿದ್ದರೆ ನಾನು ಎಲ್ಲಿಗೆ ಹೋಗಲಿ? ಭಯ. ಐವತ್ತೊಂದು ವರ್ಷಕ್ಕೆ ಅಕ್ಕನ ಭಯ.

ಜೂನ್ 17, ಮಂಗಳವಾರ

ಇವತ್ತು ವ್ಯಾಯಾಮದ ಪಟ್ಟಿ ಓದಲಿಲ್ಲ. ಸಾಕಾಗಿತ್ತು. ಸುಮ್ಮನೆ ಏನೇನೋ ಹೇಳಿದೆ. ಚಿಕ್ಕವರಿದ್ದಾಗ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವಲ್ಲ, ಅವಳು ಕಥೆ ಹೇಳುತ್ತಿದ್ದಳು, ನಾನು ಹೂಂಗುಟ್ಟಬೇಕಿತ್ತು. ಒಂದು ಹೂಂ ತಪ್ಪಿದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ರಾಜಕುಮಾರ ಬಾವಿಯಲ್ಲಿ ಬಿದ್ದಿದ್ದರೆ ಬಿದ್ದೇ ಇರುತ್ತಿದ್ದ. "ನೀನು ಹೂಂ ಅನ್ನದೆ ಇದ್ರೆ ನಂಗೆ ಮುಂದಿನ ಮಾತು ಬರಲ್ಲ ಕಣೇ" ಎನ್ನುತ್ತಿದ್ದಳು. ನಿದ್ದೆಯಲ್ಲೂ ಹೂಂ ಅನ್ನುವುದನ್ನು ಕಲಿತುಬಿಟ್ಟಿದ್ದೆ, ಅದಕ್ಕೇ ಆ ರಾಜಕುಮಾರ ಕೊನೆಗೆ ಏನಾದನೆಂದು ಇವತ್ತಿಗೂ ಗೊತ್ತಿಲ್ಲ.

ಇದನ್ನೆಲ್ಲ ಹೇಳಿದೆ. ಅಕ್ಕನ ಎಡಗಣ್ಣು ಸಣ್ಣದಾಯಿತು. ನಕ್ಕಳೋ ಏನೋ. ಸದ್ದು ಮಾತ್ರ ಇಲ್ಲ.

ಜೂನ್ 19, ಗುರುವಾರ

ಕೇಳಿಯೇಬಿಟ್ಟೆ.

"ಅಕ್ಕಾ, ಅವತ್ತು ಫೋನಲ್ಲಿ ಹಾಗಂದೆನಲ್ಲ. ತಪ್ಪಾಯ್ತು. ನನ್ನ ಮೇಲೆ ಕೋಪ ಇದೆಯಾ?"

ಗೋಡೆ ಗಡಿಯಾರ ನೋಡುತ್ತ ಕಾದೆ. ಹನ್ನೆರಡು ಸೆಕೆಂಡು. ಅವಳ ಕಣ್ಣು ನನ್ನ ಮೇಲೇ ಇತ್ತು, ತುಟಿ ಬಿಗಿಯಾಗಿ ಮುಚ್ಚಿತ್ತು. ನಾನೇ ಮಾಡಿದ ಆ ಶುದ್ಧ ನಿಶ್ಶಬ್ದ. ತಡೆಯಲಾರದೆ ಗುಂಡಿ ತಿರುಗಿಸಿಬಿಟ್ಟೆ.

ಮುಖ ತೊಳೆದುಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಡಾಕ್ಟರು ಅಳುವುದಕ್ಕೂ ಬರೆಯಿರಿ ಎಂದಿರಲಿಲ್ಲ.

ಜೂನ್ 23

ನಾಲ್ಕು ದಿನದಿಂದ ಕರೆ ಮಾಡಿಲ್ಲ. ಕೆಲಸವಿದೆ ಎಂದು ಅಕ್ಕನ ಮಗಳಿಗೆ ಸಂದೇಶ ಕಳಿಸಿದೆ. "ಅಮ್ಮ ಆರು ಗಂಟೆಗೆ ಟೀವಿ ನೋಡ್ತಾ ಕೂತಿರ್ತಾಳೆ" ಎಂದು ಉತ್ತರ ಬಂತು. ಟೀವಿಯಲ್ಲಿ ಏನು ಬರುತ್ತದೋ ಆ ಹೊತ್ತಿಗೆ.

ಜೂನ್ 27, ಶುಕ್ರವಾರ

ಎಂಟು ಮನೆಗಳ ಅಭಿಪ್ರಾಯ ಬಂತು. ಚಿತ್ರಕ್ಕೆ ಹತ್ತಕ್ಕೆ ಒಂಬತ್ತು, ಸ್ಪಷ್ಟತೆಗೆ ಹತ್ತಕ್ಕೆ ಹತ್ತು. ‘ಮತ್ತೆ ಬಳಸುವಿರಾ?’ ಎಂಬುದಕ್ಕೆ ಆರು ಮನೆಯವರು ‘ಇಲ್ಲ’ ಎಂದಿದ್ದಾರೆ! ಕಾರಣವೇನೆಂದರೆ ಒಬ್ಬರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ‘ಯಾಕೋ ಸುಸ್ತಾಗುತ್ತದೆ.’ ‘ಮಗ ಮೊದಲಿನ ಹಾಗಿಲ್ಲ ಅನ್ನಿಸುತ್ತದೆ.’ ಒಬ್ಬ ಅಜ್ಜಿ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ: ‘ಗೋಡೆ ಜೊತೆ ಮಾತಾಡಿದ ಹಾಗೆ.’

ಆ ಸಾಲನ್ನು ಎರಡು ಸಲ ಓದಿದೆ. ಅದು ನನ್ನ ಮಾತು, ಈ ಪುಸ್ತಕದಲ್ಲಿದೆ.

ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. ಚಿತ್ರಕ್ಕೂ ದನಿಗೂ ನಡುವೆ ತಡವಾಗುತ್ತಿದೆಯೇ ಎಂದು ಮೂರು ಸಲ ಅಳೆದೆ. ಇಲ್ಲ. ಎಲ್ಲ ಸರಿಯಾಗಿದೆ, ಯಾರಿಗೂ ಬೇಡವಾಗಿದೆ.

"ಮಾಮೂಲಿ ಫೋನಲ್ಲಿ ಒಂದ್ಸಲ ಮಾತಾಡಿ ನೋಡಿ ಮೇಡಂ, ಎರಡಕ್ಕೂ ಏನು ವ್ಯತ್ಯಾಸ ಅಂತ" ಎಂದರು ತಂತಿ ಮಾಮ. ಮಾಮೂಲಿ ಫೋನಂತೆ! ಆದರೂ ಹೌದಲ್ಲ ಎನ್ನಿಸಿತು. ಪರೀಕ್ಷೆಯ ಪೆಟ್ಟಿಗೆಗಳು ಕತ್ತರಿಸುವ ಮುಂಚಿನ ಹಸಿ ಸದ್ದನ್ನೂ ಉಳಿಸಿಕೊಳ್ಳುತ್ತವೆ. ಅದನ್ನೂ ಕತ್ತರಿಸಿದ್ದನ್ನೂ ಹೋಲಿಸಿ ನೋಡಬೇಕು. ಶುರುಮಾಡಲು ಎದುರಿನವರು ಏನೂ ಮಾತಾಡದ ಮಾದರಿಯೊಂದು ಬೇಕು, ಬರೀ ಕೋಣೆಯ ಗದ್ದಲ ಇರುವಂಥದ್ದು. ಅಂಥ ಮಾದರಿ ನನ್ನ ಬಳಿ ಇರುವಷ್ಟು ಯಾರ ಬಳಿಯೂ ಇಲ್ಲ. ಅಕ್ಕನ ಅರ್ಧ ಅರ್ಧ ಗಂಟೆಗಳು.

ಜೂನ್ 30, ಸೋಮವಾರ

ಅಕ್ಷರ ಹೇಗೆ ಬರುತ್ತದೋ ಬರಲಿ, ಎಲ್ಲವನ್ನೂ ಈಗಲೇ ಬರೆದಿಡುತ್ತೇನೆ.

ಬೆಳಿಗ್ಗೆ ಹತ್ತೂವರೆಗೆ ಹೆಡ್‌ಫೋನ್ ಹಾಕಿಕೊಂಡು ಜೂನ್ ನಾಲ್ಕರ ಹಸಿ ಸದ್ದನ್ನು ಹಾಕಿದೆ. ಮೊದಲು ಫ್ಯಾನು. ಆಮೇಲೆ ಫ್ರಿಜ್ಜು. ಆಮೇಲೆ ಅಕ್ಕನ ಟೀವಿಯಿಂದ ಬರುವ ನನ್ನ ದನಿ. ಎಷ್ಟು ಮಾತು, ಎಂಥ ಜೋರು! "ದಿನಕ್ಕೆ ಎಂಟು ಲೋಟ ನೀರು ಕುಡೀಬೇಕು, ತಿಳೀತಾ?" ಎನ್ನುತ್ತಿದ್ದೇನೆ.

"ಹೂಂ."

ಫ್ಯಾನಿನ ಸದ್ದೇ ಇರಬೇಕೆಂದು ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಹೂಂ. ಅಕ್ಕನ ದನಿ. ಸ್ವಲ್ಪ ದಪ್ಪಗಾಗಿದೆ, ಆದರೆ ಅವಳದೇ. ಮಾತ್ರೆ ಊಟದ ಮೇಲೆ. ಹೂಂ. ಕೈ ದಿನಾ ಎತ್ತಬೇಕು. ಹೂಂ. ಉಪ್ಪು ಕಡಿಮೆ ಮಾಡು. ಒಂದು ಉದ್ದನೆಯ, ಬೇಸರದ ಹೂಂ.

ತುಟಿ ಮುಚ್ಚಿಕೊಂಡೇ ಅನ್ನುವ ಮಾತದು! ಜಗತ್ತಿನಲ್ಲಿ ತುಟಿ ಮುಚ್ಚಿ ಆಡುವ ಮಾತು ಒಂದಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ತುಟಿಗಾವಲು ಅದನ್ನು ಫ್ರಿಜ್ಜೆಂದು ತಿಳಿದು ಕತ್ತರಿಸಿತು. ಅಕ್ಕನಿಗೆ ಉಳಿದಿದ್ದ ಎರಡೇ ಎರಡು ಮಾತು ಹೂಂ, ಊಹೂಂ. ಎರಡನ್ನೂ ನಾನೇ ಬಾಗಿಲಲ್ಲಿ ಕಾವಲು ಕೂರಿಸಿ ತಡೆದಿದ್ದೆ. ಪರೀಕ್ಷೆಗೆಂದು ನಾವು ಕರೆದವರೆಲ್ಲ ಮಾತಾಡುವವರು, ಹಾಳೆ ನೋಡಿ ಗಟ್ಟಿಯಾಗಿ ಓದುವವರು. ಕೇಳುವವರನ್ನು ಒಬ್ಬರನ್ನೂ ಪರೀಕ್ಷಿಸಲಿಲ್ಲ.

ಹದಿನೇಳನೆಯ ತಾರೀಖಿನದು ಹಾಕಿದೆ. ನಾನು ಕಥೆಯ ಮಾತು ಎತ್ತಿದ ಕೂಡಲೇ ಅಕ್ಕ ಹೂಂಗುಟ್ಟಲು ಶುರುಮಾಡಿದ್ದಾಳೆ. ನಾನು ಅವಳಿಗೆ ಹೂಂಗುಟ್ಟುತ್ತಿದ್ದ ಹಾಗೆಯೇ, ಪ್ರತಿ ವಾಕ್ಯಕ್ಕೆ ಒಂದು. ರಾಜಕುಮಾರ ಬಾವಿಯಲ್ಲಿ ಬಿದ್ದೇ ಇರುತ್ತಿದ್ದ ಎಂದಾಗ ಮೂಗಿನಲ್ಲಿ ನಕ್ಕಿದ್ದಾಳೆ. ಆ ನಗುವನ್ನೂ ಪೆಟ್ಟಿಗೆ ಕತ್ತರಿಸಿತ್ತು.

ಹತ್ತೊಂಬತ್ತನೆಯದನ್ನು ಹಾಕಲು ಧೈರ್ಯ ಬರಲಿಲ್ಲ. ತಂತಿ ಮಾಮ ಚಹಾ ತಂದು ಪಕ್ಕದಲ್ಲಿ ನಿಂತಿದ್ದರು. ಹೆಡ್‌ಫೋನಿನ ಒಂದು ಕಡೆಯನ್ನು ಅವರ ಕಿವಿಗೆ ಕೊಟ್ಟೆ.

"ನನ್ನ ಮೇಲೆ ಕೋಪ ಇದೆಯಾ?"

"ಊಹೂಂ."

ಫ್ಯಾನು. ಫ್ರಿಜ್ಜು.

"ಊಹೂಂ. ಊಹೂಂ."

ಆಮೇಲೆ ನಾನು ಗುಂಡಿ ತಿರುಗಿಸಿದಾಗ ಅವಳ ಟೀವಿಯಲ್ಲಿ ಕರೆ ಕಡಿದ ಟಿಕ್. ಕರೆ ಮುಗಿದ ಮೇಲೂ ಹತ್ತು ಸೆಕೆಂಡು ಸದ್ದನ್ನು ಉಳಿಸಬೇಕೆಂಬುದು ನಾನೇ ಇಟ್ಟ ನಿಯಮ. ಆ ಹತ್ತು ಸೆಕೆಂಡಿನಲ್ಲಿ ಖಾಲಿ ಟೀವಿಗೆ ಅಕ್ಕ ಜೋರಾಗಿ ಮತ್ತೊಮ್ಮೆ ಊಹೂಂ ಅಂದಿದ್ದಾಳೆ, ಹೊರಟುಹೋದವರನ್ನು ಕರೆಯುವ ಹಾಗೆ.

"ಇವರು ಮಾತಾಡ್ತಾನೇ ಇದಾರಲ್ಲ ಮೇಡಂ" ಎಂದರು ತಂತಿ ಮಾಮ.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದೆ. ಆಫೀಸಿನಲ್ಲಿ, ಎಲ್ಲರ ಎದುರು, ಗೊಳೋ ಎಂದು ಅತ್ತೆ. ಎಷ್ಟು ಹಗುರವಾಯಿತೆಂದರೆ ತಣ್ಣಗಾದ ಚಹಾ ಕೂಡ ರುಚಿಯಾಗಿತ್ತು.

ಅದೇ ದಿನ, ಸಂಜೆ

ಅಕ್ಕನ ಪೆಟ್ಟಿಗೆಯ ತುಟಿಗಾವಲನ್ನು ಇಲ್ಲಿಂದಲೇ ಆಫ್ ಮಾಡಿ ಕರೆ ಮಾಡಿದೆ. ಫ್ಯಾನು ಕಡಕಡ, ಫ್ರಿಜ್ಜು ಗುಂಯ್, ಹೊರಗೆ ಪಕ್ಕದ ಮನೆಯ ನಾಯಿ. ಎಂಥ ಚಂದದ ಗದ್ದಲ.

"ಅಕ್ಕಾ, ನೀನು ಊಹೂಂ ಅಂದಿದ್ದು ಇವತ್ತು ಕೇಳಿಸ್ತು ಕಣೇ. ಹನ್ನೊಂದು ದಿನ ತಡ ಆಯ್ತು."

"ಹೂಂ."

"ನಿಂಗೆ ಬಾಯಿ ಮುಚ್ಚು ಅಂತ ಪೆಟ್ಟಿಗೆ ಕೈಲೂ ಹೇಳಿಸಿದೆ ನೋಡು ನಾನು."

"ಹೂಂ" ಎಂದಳು, ಬಹಳ ಜೋರಾಗಿ. ಎಡಗಡೆಯ ಅರ್ಧ ಬಾಯಿಯಲ್ಲಿ ನಗು.

ಜುಲೈ 4, ಶುಕ್ರವಾರ

ಮಂಗಳವಾರವೆಲ್ಲ ಯಜಮಾನರ ಜೊತೆ ಕುಸ್ತಿ. "ಪೂರ್ತಿ ನಿಶ್ಶಬ್ದ ಅಂತ ಕರೆದಿದೀವಿ. ಈಗ ಫ್ರಿಜ್ಜು ಕೇಳಿಸಿದ್ರೆ ಮುಖ ಎಲ್ಲಿಟ್ಕೊಳ್ಳೋದು?" ಎಂದರು. ಅವರ ಮಾತೂ ಸುಳ್ಳಲ್ಲ. ಕಾವಲು ತೆಗೆದರೆ ಗದ್ದಲ, ಇಟ್ಟರೆ ಗೋಡೆ. ಹೂಂ ಮತ್ತು ಫ್ರಿಜ್ಜು ಎರಡೂ ಮೂಗಿನಲ್ಲೇ ಗುಂಯ್‌ಗುಡುತ್ತವೆ, ಅಳತೆಯಲ್ಲಿ ಬೇರ್ಪಡಿಸುವುದು ಕಷ್ಟ.

ದಾರಿ ತೋರಿಸಿದ್ದು ತಂತಿ ಮಾಮ. ಬೆಸುಗೆ ಕಡ್ಡಿ ಕೆಳಗಿಟ್ಟು ಹೇಳಿದರು: "ಫ್ರಿಜ್ಜು ಯಾರು ಯಾವಾಗ ಮಾತು ನಿಲ್ಲಿಸ್ತಾರೆ ಅಂತ ಕಾಯಲ್ಲ ಮೇಡಂ. ಅದರ ಪಾಡಿಗೆ ಅದು. ಹೂಂ ಹಂಗಲ್ಲ, ಎದುರಿನೋರು ಉಸಿರು ತಗೊಂಡಾಗ ಬರುತ್ತೆ. ನಮ್ಮ ಮನೆಯೋಳು ಈ ಪೆಟ್ಟಿಗೇಲಿ, ‘ರೀ, ಕೇಳ್ತಿದೀರಾ, ಕೇಳ್ತಿದೀರಾ’ ಅಂತ ನೂರು ಸಲ ಕೇಳಿದ್ಲು. ನಾನು ಹೂಂ ಅಂತಾನೇ ಇದ್ದೆ. ಅದನ್ನೇ ಅವತ್ತು ಹೇಳೋಣ ಅಂತ ಬಂದಿದ್ದು."

ಅವತ್ತು ಯಾವಾಗ ಬಂದಿದ್ದರೋ, ನನಗೆ ನೆನಪಾಗಲಿಲ್ಲ. ಈ ಪುಸ್ತಕ ತಿರುವಿ ನೋಡಿದೆ. ಜೂನ್ ಒಂಬತ್ತು.

ಈ ಕಡೆಯವರ ಮಾತು ನಿಂತ ಒಂದು ಗಳಿಗೆಯೊಳಗೆ ಆ ಕಡೆಯಿಂದ ಗುಂಯ್ ಎಂದರೆ ಅದು ಹೂಂ. ಯಾರ ಮಾತಿಗೂ ಕಾಯದೆ ಗುಂಯ್ ಎನ್ನುತ್ತಿದ್ದರೆ ಅದು ಫ್ರಿಜ್ಜು. ಇಷ್ಟೇ. ಎರಡು ಹಗಲು ಕೂತು ಪ್ರೋಗ್ರಾಂ ಬರೆದೆವು, ನಡೆಯುತ್ತಿದೆ.

ತಂತಿ ಮಾಮ ಈಗೀಗ ಬಹಳ ಮಾತಾಡುತ್ತಾರೆ. ಅಕ್ಕನ ಮಗಳೂ ಅಷ್ಟೇ, ಫೋನ್ ಮಾಡಿದರೆ ಇಡುವುದೇ ಇಲ್ಲ. ಎಲ್ಲರಿಗೂ ಏನಾಗಿದೆಯೋ.

ಜುಲೈ 7, ಸೋಮವಾರ

ಪೇಟೆಂಟ್ ಅರ್ಜಿ ಬರೆಯುವ ವಕೀಲೆ ಬಂದಿದ್ದರು. ಕಟ್ಟುನಿಟ್ಟಿನ ಹೆಂಗಸು. "ಅರ್ಜೀಲಿ ‘ಹೂಂ’ ಅಂತ ಬರೆಯೋಕಾಗಲ್ಲ. ಆ ಸದ್ದಿಗೆ ಸರಿಯಾದ ಹೆಸರು ಹೇಳಿ."

"ಮುಚ್ಚಿದ ತುಟಿಯ ಸಮ್ಮತಿ ಧ್ವನಿ" ಎಂದೆ.

"ಹೂಂ" ಎನ್ನುತ್ತ ಬರೆದುಕೊಂಡರು.

ನಾನು ತಂತಿ ಮಾಮನ ಮುಖ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು. ಸಂಶೋಧಕರ ಹೆಸರಿನ ಸಾಲಿನಲ್ಲಿ ಅವರ ಹೆಸರನ್ನೂ ಬರೆಸಿದೆ. ನಿಜವಾದ ಹೆಸರೇನೆಂದು ಅವರನ್ನೇ ಕೇಳಬೇಕಾಯಿತು.

ಜುಲೈ 10, ಗುರುವಾರ

ಒಪ್ಪಿದರು! ಒಪ್ಪಿದರು!

ಕೊಳ್ಳುವ ಸಂಸ್ಥೆಯ ಮುಖ್ಯಸ್ಥೆ ಪೆಟ್ಟಿಗೆಯ ಮುಂದೆ ಕೂತರು, ಪಕ್ಕದ ಕೋಣೆಯಲ್ಲಿ ಇನ್ನೊಂದು ಪೆಟ್ಟಿಗೆಯ ಮುಂದೆ ತಂತಿ ಮಾಮ. ಎರಡು ನಿಮಿಷ ಪರೀಕ್ಷೆ ಎಂದು ಮಾತಾಗಿತ್ತು. ಆಕೆ ತಮ್ಮ ಕೆಲಸದ ಬಗ್ಗೆ ಶುರುಮಾಡಿದರು. ತಂತಿ ಮಾಮ ಹೂಂ ಅಂದರು. ಆಕೆ ತಮ್ಮ ಓಡಾಟದ ಬಗ್ಗೆ ಹೇಳಿದರು. ಹೂಂ. ಆಮೇಲೆ ಬೆನ್ನುನೋವು, ಆಮೇಲೆ ಮಾತು ಬಿಟ್ಟಿರುವ ತಮ್ಮ. ಹದಿನೆಂಟು ನಿಮಿಷ! ತಂತಿ ಮಾಮ ಹೂಂ ಬಿಟ್ಟು ಬೇರೆ ಒಂದು ಮಾತೂ ಆಡಲಿಲ್ಲ. ಎದ್ದ ಮೇಲೆ ಆಕೆ, "ಎಷ್ಟು ಚೆನ್ನಾಗಿ ಮಾತಾಡ್ತಾರೆ ಅವರು" ಎಂದರು. ಫ್ರಿಜ್ಜಿನ ಬಗ್ಗೆ ಯಾರೂ ಕೇಳಲಿಲ್ಲ. ಯಜಮಾನರು ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡರು.

ರೈಲಿಗೆ ಟಿಕೆಟ್ ತೆಗೆದೆ. ನಾಡಿದ್ದು.

ಜುಲೈ 12, ಶನಿವಾರ

ಅಕ್ಕನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳು ಮಲಗಿದ್ದಾಳೆ.

ಮಧ್ಯಾಹ್ನ ಮೂರಕ್ಕೆ ಬಂದೆ. ಫ್ಯಾನು ಟೀವಿಯಲ್ಲಿ ಕೇಳಿದ್ದಕ್ಕಿಂತ ಜೋರು. ಏನೇನೋ ಹೇಳಬೇಕೆಂದುಕೊಂಡು ಬಂದಿದ್ದೆ, ಅವಳ ಎಡಗೈ ಹಿಡಿದುಕೊಂಡು ಸುಮ್ಮನೆ ಕೂತೆ. ಬಹಳ ಹೊತ್ತು ಇಬ್ಬರೂ ಏನೂ ಅನ್ನಲಿಲ್ಲ. ಭಯವಾಗಲಿಲ್ಲ.

ಆಮೇಲೆ ಅಕ್ಕನ ತುಟಿ ಅಲುಗಿತು. ಎಡಭಾಗ ಮೊದಲು, ಬಲಭಾಗ ಅದರ ಹಿಂದೆ ಎಳೆದುಕೊಂಡು.

"ಬಾ...ವಿ."

ಬಾಗಿಲಲ್ಲಿದ್ದ ಅಕ್ಕನ ಮಗಳು ಕೈಲಿದ್ದ ಚೀಲವನ್ನು ಕೆಳಗೆ ಬಿಟ್ಟಳು. ಅಕ್ಕ ಮತ್ತೆ ಉಸಿರು ಎಳೆದುಕೊಂಡಳು.

"ರಾಜ..." ಎಂದು ನಿಲ್ಲಿಸಿದಳು.

ಕುಮಾರ ಎಂಬುದು ನನ್ನ ಬಾಯಿ ತುದಿಗೆ ಬಂದಿತ್ತು. ಹೇಳಲಿಲ್ಲ, ಕಾದೆ. ಅವಳೂ ಕಾದಳು. ನನ್ನ ಕಣ್ಣು ತುಂಬಿ ಅವಳ ಮುಖ ಕಾಣಿಸುತ್ತಿರಲಿಲ್ಲ. ಪದ ಸಿಗದೆ ನಿಂತಿದ್ದಾಳೆಂದು ನಾನು ತಿಳಿದಿದ್ದೆ. ಅವಳು ನನ್ನ ಬೆರಳನ್ನು ಹಿಡಿದು ಒಮ್ಮೆ ಜಗ್ಗಿದಳು, ಬಾಲ್ಯದಲ್ಲಿ ಜಗ್ಗುತ್ತಿದ್ದ ಹಾಗೆ, ಸಿಟ್ಟಿನಿಂದ. ಆಗ ನೆನಪಾಯಿತು.

"ಹೂಂ" ಎಂದೆ.

ಅಕ್ಕ ಕಥೆ ಮುಂದುವರಿಸಿದಳು.